ಎಳೆಗೂಸಿನ ಹೊಟ್ಟೆಯೂ ಡಬ್ಬಿಯ ಹಾಲೂ

ನಡುರಾತ್ರಿ ಕಳೆದು ಒಂದು ಗಂಟೆ. ಇಡೀ ಬೀದಿ ಮಲಗಿದ್ದರೂ ಬಾಣಂತಿಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐದು ವಾರದ ಕೂಸು ಮುಷ್ಟಿ ಬಿಗಿಹಿಡಿದು, ಕಾಲುಗಳನ್ನು ಹೊಟ್ಟೆಯತ್ತ ಸೆಳೆದುಕೊಂಡು, ಮೋರೆ ಕೆಂಪಾಗುವಂತೆ ಅಳುತ್ತಿದೆ. ಅಜ್ಜಿ ಅದನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆದಾಡುತ್ತಿದ್ದಾಳೆ. ತಾಯಿ ಹಾಸಿಗೆಯ ಅಂಚಿನಲ್ಲಿ ಕುಳಿತು ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಗೋಡೆಯ ಗೂಡಿನಲ್ಲಿ ಮೂರು ಬಗೆಯ ಹಾಲಿನ ಪುಡಿಯ ಡಬ್ಬಿಗಳು ಸಾಲಾಗಿ ನಿಂತಿವೆ. ಮೂರರ ತಳದಲ್ಲಿಯೂ ಇನ್ನೂ ಪುಡಿ ಉಳಿದಿದೆ.

“ಈ ಡಬ್ಬಿಯೂ ಒಗ್ಗಲಿಲ್ಲ ಕಣೇ. ಬೆಳಗಾಗಲಿ, ಅಳಿಯಂದಿರಿಗೆ ಫೋನು ಮಾಡು. ಪಟ್ಟಣದಲ್ಲಿ ಇದಕ್ಕಿಂತ ಒಳ್ಳೆಯದು ಸಿಕ್ಕೀತು” ಎನ್ನುತ್ತಾಳೆ ಅಜ್ಜಿ.

ಈ ದೃಶ್ಯ ಕಲ್ಪನೆಯದೇ ಆದರೂ, ಇಂಥ ರಾತ್ರಿಯೊಂದನ್ನು ಕಾಣದ ಬಾಣಂತನದ ಮನೆ ವಿರಳ. ಮಗುವಿನ ಹೊಟ್ಟೆ ಸೂಕ್ಷ್ಮವೆಂದು ತೋರಿದೊಡನೆ ಮನೆಯವರ ಬಾಯಲ್ಲಿ ಮೂಡುವ ಮೊದಲ ಪ್ರಶ್ನೆ, “ಯಾವ ಡಬ್ಬಿ ಒಳ್ಳೆಯದು?” ಎಂಬುದು. ಆದರೆ ಅದು ಕಡೆಯಲ್ಲಿ ಕೇಳಬೇಕಾದ ಪ್ರಶ್ನೆ. ಅದಕ್ಕೆ ಮೊದಲು ಉತ್ತರಿಸಿಕೊಳ್ಳಬೇಕಾದವು ಇನ್ನೂ ಮೂರಿವೆ: ಕೂಸಿಗೆ ಇರುವುದು ನಿಜವಾಗಿಯೂ ಅಜೀರ್ಣವೇ? ಡಬ್ಬಿಯ ಹಾಲು ಅದಕ್ಕೆ ಬೇಕೇ? ಬೇಕಾದರೆ, ಅದನ್ನು ಕಲಸುವ ರೀತಿ ಸರಿಯಾಗಿದೆಯೇ?

ಅಳುವೆಲ್ಲ ಅಜೀರ್ಣವಲ್ಲ

ಹುಟ್ಟಿದ ಕೂಸಿನ ಜಠರ ಚಿಕ್ಕದು. ಅನ್ನನಾಳವೂ ಜಠರವೂ ಕೂಡುವೆಡೆಯಲ್ಲಿ ಬಾಗಿಲಿನಂತಿರುವ ಸ್ನಾಯುವಿಗೆ ಇನ್ನೂ ಬಿಗಿ ಬಂದಿರುವುದಿಲ್ಲ. ಆದುದರಿಂದಲೇ ಕುಡಿದ ಹಾಲಿನಲ್ಲಿ ಒಂದಿಷ್ಟು ಬಾಯಿಯ ಅಂಚಿನಿಂದ ಹೊರಬರುತ್ತದೆ; ಕೆಲವೊಮ್ಮೆ ಮೊಸರಿನಂತೆ ಒಡೆದೂ ಬರುತ್ತದೆ. ಕೂಸು ನಗುನಗುತ್ತ ಕಕ್ಕುತ್ತಿದ್ದು, ತೂಕದಲ್ಲಿ ಏರುತ್ತಿದ್ದರೆ ಅದು ರೋಗವಲ್ಲ. ನಾಲ್ಕು ತಿಂಗಳವರೆಗೆ ಹೆಚ್ಚಾಗಿದ್ದು, ವರುಷ ತುಂಬುವ ಹೊತ್ತಿಗೆ ಬಹುತೇಕ ಮಕ್ಕಳಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಂಡಿದ್ದರೆ ಕಕ್ಕುವುದು ಕಡಿಮೆಯಾಗುತ್ತದೆ.

ಸಂಜೆಯಾದೊಡನೆ ಆರಂಭವಾಗಿ ಎಷ್ಟು ಸಮಾಧಾನ ಮಾಡಿದರೂ ನಿಲ್ಲದ ಅಳುವಿನದು ಇನ್ನೊಂದು ಬಗೆ. ಇದನ್ನು ಹಿರಿಯರು ಹೊಟ್ಟೆನುಲಿ ಎನ್ನುತ್ತಾರೆ. 1954ರಲ್ಲಿ ಅಮೆರಿಕದ ಶಿಶುವೈದ್ಯ ಮಾರಿಸ್ ವೆಸೆಲ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಅಳತೆಗೋಲು ಕೊಟ್ಟರು: ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರದಲ್ಲಿ 3 ದಿನಕ್ಕಿಂತ ಹೆಚ್ಚು, 3 ವಾರಕ್ಕೂ ಮಿಕ್ಕಿ ಅಳುವ, ಆದರೆ ಉಳಿದಂತೆ ಆರೋಗ್ಯವಾಗಿರುವ ಕೂಸು. ಈ ಅಳು ಆರನೆಯ ವಾರದ ಸುಮಾರಿಗೆ ಶಿಖರ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಎದೆಹಾಲು ಕುಡಿಯುವ ಮಗುವಿಗೂ ಡಬ್ಬಿಹಾಲು ಕುಡಿಯುವ ಮಗುವಿಗೂ ಇದು ಬರುವುದುಂಟು. ಆ ಅವಧಿಯಲ್ಲಿ ನಾಲ್ಕು ಡಬ್ಬಿ ಬದಲಿಸಿದ ಮನೆಯಲ್ಲಿ, ಅಳು ನಿಂತ ಯಶಸ್ಸು ನಾಲ್ಕನೆಯ ಡಬ್ಬಿಗೆ ಸಲ್ಲುತ್ತದೆ! ನಿಜಕ್ಕೂ ಗುಣಪಡಿಸಿದ್ದು ಕಾಲವೇ ಹೊರತು ಪುಡಿಯಲ್ಲ.

ಮಲದ ವಿಚಾರವೂ ಹಾಗೆಯೇ. ಎದೆಹಾಲು ಕುಡಿಯುವ ಕೂಸು ಮೊದಲ ವಾರಗಳಲ್ಲಿ ಪ್ರತಿ ಸಲ ಕುಡಿದಾಗಲೂ ತೆಳ್ಳಗೆ ಹಳದಿಯಾಗಿ ಹೋಗಬಹುದು. ತಿಂಗಳು ಕಳೆದ ಮೇಲೆ ಕೆಲವು ದಿನ ಹೋಗದೆಯೂ ಇರಬಹುದು. ಡಬ್ಬಿಹಾಲಿನ ಕೂಸಿನ ಮಲ ತುಸು ಗಟ್ಟಿ. ಬಣ್ಣ ಹಳದಿ, ಕಂದು ಅಥವಾ ಹಸುರುಮಿಶ್ರಿತ. ಮುಕ್ಕಿ ಮುಕ್ಕಿ ಕೆಂಪಾದರೂ ಮಲ ಮೆತ್ತಗೆ ಬಂದರೆ ಅದು ಮಲಬದ್ಧತೆಯಲ್ಲ. ಹೊಟ್ಟೆಯ ಸ್ನಾಯುಗಳನ್ನೂ ಗುದದ ಸ್ನಾಯುಗಳನ್ನೂ ಹೊಂದಿಸಿಕೊಳ್ಳಲು ಕೂಸು ಕಲಿಯುತ್ತಿದೆ ಎಂದಷ್ಟೇ ಅರ್ಥ. ಅದಕ್ಕೆ ಹರಳೆಣ್ಣೆ ಕುಡಿಸುವುದು, ಜೇನು ನೆಕ್ಕಿಸುವುದು ತರವಲ್ಲ. ಜೇನಿನಲ್ಲಿ ಇರಬಹುದಾದ ಒಂದು ಜಾತಿಯ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷವನ್ನು ಹುಟ್ಟಿಸಬಲ್ಲುದು. ವರುಷ ತುಂಬುವವರೆಗೆ ಜೇನು ನಿಷಿದ್ಧ.

ಡಬ್ಬಿಯೊಳಗೆ ಏನಿದೆ?

ಪ್ರಕೃತಿ ಕರುವಿಗೆಂದು ಮಾಡಿದ ಹಾಲು ಮನುಷ್ಯಶಿಶುವಿಗೆ ಹಾಗೆಯೇ ಒಗ್ಗುವುದಿಲ್ಲ. ತಾಯಿಯ ಹಾಲಿನಲ್ಲಿ ಪ್ರೋಟೀನು ನೂರಕ್ಕೆ ಸುಮಾರು 1 ಪಾಲು. ಹಸುವಿನ ಹಾಲಿನಲ್ಲಿ 3ಕ್ಕೂ ಮಿಕ್ಕು. ಪ್ರಮಾಣದಂತೆ ಗುಣವೂ ಬೇರೆ. ಹಾಲು ಒಡೆದಾಗ ಗಟ್ಟಿಯಾಗಿ ಹೆಪ್ಪುಗಟ್ಟುವ ಪ್ರೋಟೀನು ಕೇಸೀನ್. ತಿಳಿನೀರಿನಲ್ಲಿ ಉಳಿಯುವುದು ವೇ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80 ಪಾಲು ಕೇಸೀನ್. ತಾಯಿಯ ಹಾಲಿನಲ್ಲಿ ವೇ ಪಾಲೇ ಅಧಿಕ. ಆದುದರಿಂದ ಹಸುವಿನ ಹಾಲು ಕೂಸಿನ ಹೊಟ್ಟೆಯಲ್ಲಿ ಗಡುಸಾದ ಹೆಪ್ಪಾಗುತ್ತದೆ, ತಾಯಿಯ ಹಾಲು ಮೆತ್ತನೆಯ ಹೆಪ್ಪಾಗುತ್ತದೆ. ಇದರ ಮೇಲೆ, ಹಸುವಿನ ಹಾಲಿನಲ್ಲಿ ಲವಣಾಂಶ ಹೆಚ್ಚು, ಕಬ್ಬಿಣದ ಅಂಶ ತೀರ ಕಡಿಮೆ. ವರುಷ ತುಂಬುವ ಮುನ್ನ ಅದನ್ನು ಮುಖ್ಯ ಆಹಾರವಾಗಿ ಕೊಡಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಈ ಅಂತರವನ್ನು ತುಂಬುವ ಯತ್ನಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ 1860ರ ದಶಕದಲ್ಲಿ ಹಸುವಿನ ಹಾಲು, ಗೋಧಿಹಿಟ್ಟು, ಮೊಳಕೆ ಧಾನ್ಯದ ಹಿಟ್ಟು ಮತ್ತು ಕ್ಷಾರವನ್ನು ಬೆರೆಸಿ ಶಿಶು ಆಹಾರ ಸಿದ್ಧಪಡಿಸಿದ. ಭಾರತದಲ್ಲಿ ತೊಡಕು ಇನ್ನೂ ದೊಡ್ಡದು. ಇಲ್ಲಿ ಹೇರಳವಾಗಿ ದೊರೆಯುತ್ತಿದ್ದುದು ಎಮ್ಮೆಯ ಹಾಲು. ಹಸುವಿನ ಹಾಲಿಗಿಂತಲೂ ಅದರಲ್ಲಿ ಕೊಬ್ಬು ಹೆಚ್ಚು, ಕೇಸೀನ್ ಹೆಚ್ಚು, ಹೆಪ್ಪು ಇನ್ನೂ ಗಡುಸು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಈ ತೊಡಕನ್ನು ಬಿಡಿಸಿ, ಎಮ್ಮೆಯ ಹಾಲಿನಿಂದಲೇ ಶಿಶುಗಳಿಗೆ ಜೀರ್ಣವಾಗುವ ಪುಡಿಯನ್ನು ಮಾಡುವ ವಿಧಾನವನ್ನು ರೂಪಿಸಿದರು. ಗುಜರಾತಿನ ಆನಂದದ ಅಮುಲ್ ಸಹಕಾರಿ ಸಂಘ ಅದನ್ನು ಕೈಗೆತ್ತಿಕೊಂಡಿತು. ವಿದೇಶದಿಂದ ಬರುವ ಡಬ್ಬಿಗಾಗಿ ಕಾದು ನಿಲ್ಲುವ ಪಾಡು ಎಷ್ಟೋ ಮನೆಗಳಿಗೆ ತಪ್ಪಿದ್ದರಲ್ಲಿ ಮೈಸೂರಿನ ಪಾಲೂ ಇದೆ.

ಇಂದಿನ ಡಬ್ಬಿಗಳಲ್ಲಿ ಕೊಬ್ಬನ್ನು ಬದಲಿಸಿ, ಪ್ರೋಟೀನನ್ನು ತಗ್ಗಿಸಿ, ಲ್ಯಾಕ್ಟೋಸ್ ಎಂಬ ಹಾಲುಸಕ್ಕರೆಯನ್ನೂ ಕಬ್ಬಿಣವನ್ನೂ ಜೀವಸತ್ವಗಳನ್ನೂ ಸೇರಿಸಿರುತ್ತಾರೆ. ಅಂದರೆ ಕೂಸಿನ ಹೊಟ್ಟೆಗೆ ತಕ್ಕಂತೆ ಹದಮಾಡುವ ಕೆಲಸ ಕಾರ್ಖಾನೆಯಲ್ಲಿಯೇ ಮುಗಿದಿರುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು.

ಯಾವ ಹೊಟ್ಟೆಗೆ ಯಾವ ಪುಡಿ?

ದಿನ ತುಂಬಿ ಹುಟ್ಟಿದ, ಆರೋಗ್ಯವಂತ ಮಗುವಿಗೆ ಡಬ್ಬಿಹಾಲು ಅನಿವಾರ್ಯವಾದಾಗ, ಹುಟ್ಟಿನಿಂದ ಆರು ತಿಂಗಳವರೆಗಿನದು ಎಂದು ನಮೂದಿಸಿದ, ಹಸುವಿನ ಹಾಲಿನಿಂದ ತಯಾರಾದ ಸಾಮಾನ್ಯ ಪುಡಿಯೇ ಸಾಕು. ಭಾರತದಲ್ಲಿ ಇಂಥ ಪುಡಿಗಳೆಲ್ಲ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳಿಗೆ ಒಳಪಟ್ಟಿರಬೇಕು. 2020ರಲ್ಲಿ ಇದಕ್ಕೆಂದೇ ಪ್ರತ್ಯೇಕ ನಿಬಂಧನೆಗಳು ಹೊರಬಿದ್ದವು. ಆದ್ದರಿಂದ ಬೆಲೆ ಏರಿದಷ್ಟೂ ಪುಷ್ಟಿ ಏರುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ವಿಶೇಷ ಡಬ್ಬಿಗಳು ವಿಶೇಷ ಕಾಯಿಲೆಗಳಿಗೆ ಮೀಸಲು.

ಹಸುವಿನ ಹಾಲಿನ ಪ್ರೋಟೀನು ಕೆಲವೇ ಶಿಶುಗಳಿಗೆ ಆಗಿಬರುವುದಿಲ್ಲ. ಮಲದಲ್ಲಿ ರಕ್ತ ಅಥವಾ ಲೋಳೆ, ಬಿಡದ ವಾಂತಿ ಭೇದಿ, ಮೈಮೇಲೆ ಗಂಧೆ ಅಥವಾ ಇಸುಬು, ತೂಕ ಏರದಿರುವುದು—ಇವು ಅದರ ಸೂಚನೆಗಳು. ವೈದ್ಯರು ಎರಡರಿಂದ ನಾಲ್ಕು ವಾರ ಆ ಪ್ರೋಟೀನನ್ನು ಸಂಪೂರ್ಣ ನಿಲ್ಲಿಸಿ, ಗುಣ ಕಂಡ ಮೇಲೆ ಮತ್ತೆ ಕೊಟ್ಟು ನೋಡಿ ನಿರ್ಧರಿಸುತ್ತಾರೆ. ಇಂಥ ಮಗುವಿಗೆ ಪ್ರೋಟೀನನ್ನು ಚೂರುಚೂರಾಗಿ ಒಡೆದ ಪುಡಿ ಬೇಕು. ತೀರ ಕಠಿಣ ಸಂದರ್ಭದಲ್ಲಿ ಅಮೈನೋ ಆಮ್ಲಗಳಿಂದಲೇ ಮಾಡಿದ ಪುಡಿ ಬೇಕು. ಇವುಗಳ ಬೆಲೆ ಸಾಮಾನ್ಯ ಡಬ್ಬಿಗಿಂತ ಬಹಳ ಹೆಚ್ಚು. ಪ್ರೋಟೀನನ್ನು ಭಾಗಶಃ ಮಾತ್ರ ಒಡೆದ ಪುಡಿ ಈ ರೋಗಕ್ಕೆ ಸಾಲದು. ಆಡಿನ ಹಾಲಿನ ಪ್ರೋಟೀನು ಹಸುವಿನದನ್ನೇ ಬಹಳಮಟ್ಟಿಗೆ ಹೋಲುವುದರಿಂದ ಅದೂ ಪರಿಹಾರವಲ್ಲ. ತಾಯಿಯ ಹಾಲನ್ನೇ ಕುಡಿಯುವ ಮಗುವಿಗೆ ಈ ತೊಂದರೆ ಬಂದರೆ, ವೈದ್ಯರ ಸಲಹೆಯಂತೆ ತಾಯಿ ಹಾಲು ಮೊಸರುಗಳನ್ನು ಬಿಟ್ಟು ಹಾಲೂಡಿಸುವುದನ್ನು ಮುಂದುವರಿಸಬಹುದು.

ಲ್ಯಾಕ್ಟೋಸ್ ಇಲ್ಲದ ಪುಡಿಯ ವಿಚಾರದಲ್ಲಿ ತಪ್ಪು ತಿಳಿವಳಿಕೆ ಬಹಳ. ತಾಯಿಯ ಹಾಲಿನಲ್ಲಿಯೇ ಹಸುವಿನ ಹಾಲಿಗಿಂತ ಹೆಚ್ಚು ಲ್ಯಾಕ್ಟೋಸ್ ಇದೆ. ಹುಟ್ಟಿನಿಂದಲೇ ಅದನ್ನು ಅರಗಿಸಲಾರದ ಶಿಶು ಅತ್ಯಂತ ಅಪರೂಪ. ತೀವ್ರ ಭೇದಿಯಿಂದ ಕರುಳಿನ ಒಳಪದರ ಸವೆದಾಗ ಕೆಲವು ದಿನ ಈ ಶಕ್ತಿ ಕುಂದುವುದುಂಟು. ಆಗಲೂ ಎದೆಹಾಲನ್ನು ನಿಲ್ಲಿಸಬೇಕಿಲ್ಲ. ಸೋಯಾ ಪುಡಿ ಗ್ಯಾಲಕ್ಟೊಸೀಮಿಯಾ ಎಂಬ ವಿರಳವಾದ ಹುಟ್ಟುರೋಗದಲ್ಲಿ ಅವಶ್ಯಕ. ತಿಂಗಳಿಗೆ ಮುನ್ನ ಹುಟ್ಟಿದ ಶಿಶುವಿಗೆ ಸಲ್ಲದು. ಕಕ್ಕುವುದನ್ನು ತಡೆಯಲೆಂದು ಮಂದಗೊಳಿಸಿದ ಪುಡಿಯನ್ನೂ ವೈದ್ಯರ ಮಾತಿಲ್ಲದೆ ತರುವುದು ಬೇಡ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಿನಬಿಟ್ಟು ದಿನ ಹಾರಿದರೆ, ಒಗ್ಗಿದ್ದು ಯಾವುದು, ಒಗ್ಗದ್ದು ಯಾವುದು ಎಂದು ವೈದ್ಯರಿಗೂ ತಿಳಿಯದು.

ಕಲಸುವ ಕೈ

ಈಗ ಮತ್ತೆ ಆ ದೀಪ ಉರಿಯುತ್ತಿದ್ದ ಕೋಣೆಗೆ ಬರಬಹುದು. ಬೆಳಗಾಯಿತು. ನಾಲ್ಕನೆಯ ಡಬ್ಬಿಗೆ ಹೇಳಿಕಳುಹಿಸುವ ಬದಲು ತಾಯಿ ಮಗುವನ್ನೆತ್ತಿಕೊಂಡು ವೈದ್ಯೆಯ ಬಳಿಗೆ ಹೊರಟಳು. ಅಜ್ಜಿಯೂ ಫ್ಲಾಸ್ಕು, ಡಬ್ಬಿ, ಒಳಲೆಗಳ ಚೀಲ ಹಿಡಿದು ಜೊತೆಗೆ ನಡೆದಳು. ಹುಟ್ಟಿದಾಗ 2 ಕಿಲೋ 800 ಗ್ರಾಂ ಇದ್ದ ಕೂಸು ಐದು ವಾರದ ತರುವಾಯ 3 ಕಿಲೋ 50 ಗ್ರಾಂ ತೂಗಿತು. ವೈದ್ಯೆಯ ಹುಬ್ಬು ಗಂಟಿಕ್ಕಿತು. ಹುಟ್ಟಿದ ಕೂಡಲೆ ತುಸು ಇಳಿಯುವ ತೂಕ ಎರಡು ವಾರದೊಳಗೆ ಮರಳಬೇಕು. ಅನಂತರ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಈ ಲೆಕ್ಕಕ್ಕೆ ಕೂಸು ಬಹಳ ಹಿಂದೆ ಬಿದ್ದಿತ್ತು.

“ಎದೆಹಾಲು ಕುಡಿಯುತ್ತದೆಯೇ?”

“ಮೂರನೆಯ ದಿನವೇ ಸಾಲದೆಂದು ಡಬ್ಬಿ ತಂದೆವು. ಈಗ ಎಲ್ಲೋ ಒಂದೆರಡು ಸಲ, ಅಷ್ಟೆ” ಎಂದಳು ತಾಯಿ, ತಲೆ ತಗ್ಗಿಸಿ.

“400 ಗ್ರಾಂ ಡಬ್ಬಿ ಎಷ್ಟು ದಿನ ಬರುತ್ತದೆ?”

“ಹತ್ತು ದಿನವಾದರೂ ಮುಗಿಯುವುದಿಲ್ಲ, ಡಾಕ್ಟರೇ.”

ಅದನ್ನೇ ನಂಬಿದ ಈ ತೂಕದ ಕೂಸಿಗೆ ಆರೇಳು ದಿನಕ್ಕೆ ಮುಗಿಯಬೇಕಾದ ಡಬ್ಬಿ ಅದು. ವೈದ್ಯೆ ಅಜ್ಜಿಯತ್ತ ತಿರುಗಿ, “ಒಂದು ಸಲ ಇಲ್ಲಿಯೇ ಹಾಲು ಕಲಸಿ ತೋರಿಸಿ, ಅಮ್ಮಾ” ಎಂದಳು. ಅಜ್ಜಿ ಕೈ ತೊಳೆದು ಬಂದು, 60 ಮಿಲಿಲೀಟರ್ ಬಿಸಿನೀರಿಗೆ ಒಂದೇ ಒಂದು ಅಳತೆಚಮಚ ಪುಡಿ ಹಾಕಿದಳು. ಡಬ್ಬಿಯ ಮೇಲೆ ಮುದ್ರಿಸಿದ್ದುದು, 30 ಮಿಲಿಲೀಟರ್ ನೀರಿಗೆ ಒಂದು ಚಮಚ.

“ಗಟ್ಟಿ ಹಾಲು ಎಳೆಗೂಸಿಗೆ ಅರಗದು ಅಂತ ನೀರು ಹೆಚ್ಚಿಗೆ ಹಾಕುತ್ತಿದ್ದೆ. ನಮ್ಮ ಕಾಲದಲ್ಲಿ ಹಸುವಿನ ಹಾಲಿಗೆ ಸಮಪಾಲು ನೀರು ಬೆರೆಸುತ್ತಿದ್ದೆವಲ್ಲ” ಎಂದಳು ಅಜ್ಜಿ.

ಹಸುವಿನ ಹಾಲಿಗೆ ಆ ಕಾಲದಲ್ಲಿ ನೀರು ಬೆರೆಸುತ್ತಿದ್ದುದಕ್ಕೆ ಕಾರಣವಿತ್ತು. ಆದರೆ ಡಬ್ಬಿಯ ಪುಡಿ ಮೊದಲೇ ಹದಗೊಂಡದ್ದು. ಅದಕ್ಕೆ ಮತ್ತೆ ಇಮ್ಮಡಿ ನೀರು ಬಿದ್ದಾಗ ಕೂಸಿಗೆ ದೊರೆತದ್ದು ಅರೆಹೊಟ್ಟೆಯ ಊಟ. ಹೊಟ್ಟೆ ನೀರಿನಿಂದ ತುಂಬುತ್ತಿತ್ತು, ಹಸಿವು ಮಾತ್ರ ಹಿಂಗುತ್ತಿರಲಿಲ್ಲ. ಐದು ವಾರ ಮನೆಯವರು ಅಜೀರ್ಣವೆಂದು ತಿಳಿದಿದ್ದ ಅಳು ಹಸಿವಿನ ಅಳುವಾಗಿತ್ತು! ಮಗುವನ್ನು ಎಲ್ಲರಿಗಿಂತ ಹೆಚ್ಚು ಎತ್ತಿ ಆಡಿಸಿದ ಕೈಯೇ ತಿಳಿಯದೆ ಅದರ ಊಟವನ್ನು ಅರ್ಧಕ್ಕಿಳಿಸಿತ್ತು. ಅಜ್ಜಿಯ ಕಣ್ಣಲ್ಲಿ ನೀರಾಡಿತು. “ಅಳಬೇಡಿ ಅಮ್ಮಾ, ತಿಳಿಯಿತಲ್ಲ, ಇನ್ನು ಸರಿಹೋಗುತ್ತದೆ” ಎಂದು ವೈದ್ಯೆ ಸಂತೈಸಿದಳು.

ನೀರು ಹೆಚ್ಚಾದರೆ ಕೂಸು ಸೊರಗುತ್ತದೆ. ಪುಡಿ ಹೆಚ್ಚಾದರೆ ಮಲ ಗಟ್ಟಿಯಾಗಿ, ಮೈಯ ನೀರಾರಿ, ಮೂತ್ರಪಿಂಡಗಳಿಗೆ ಹೊರೆಯಾಗುತ್ತದೆ. ಆದ್ದರಿಂದ ಅಳತೆಯಲ್ಲಿ ಔದಾರ್ಯವೂ ಬೇಡ, ಉಳಿತಾಯವೂ ಬೇಡ. ಆಯಾ ಡಬ್ಬಿಯೊಳಗಿನ ಚಮಚವನ್ನೇ ಬಳಸಿ, ಒತ್ತದೆ, ಅಂಚಿಗೆ ಸಮನಾಗಿ ಪುಡಿಯನ್ನು ಸವರಿ ತೆಗೆಯಬೇಕು. ಮೊದಲು ನೀರು, ಅನಂತರ ಪುಡಿ.

ಪುಡಿ ಸೂಕ್ಷ್ಮಾಣುರಹಿತವಲ್ಲ ಎಂಬುದೂ ತಿಳಿದಿರಬೇಕು. ಅದರಲ್ಲಿ ಅಪರೂಪಕ್ಕೆ ಸೇರಿಕೊಳ್ಳುವ ಕ್ರೋನೊಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಎಳೆಗೂಸಿನ ಪ್ರಾಣಕ್ಕೆ ಎರವಾಗಬಲ್ಲುದು. ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆರುವ ಮುನ್ನವೇ ಪುಡಿಯನ್ನು ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸೂಚಿಸಿದ್ದು ಇದಕ್ಕಾಗಿಯೇ. ಕಲಸಿದ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ, ಬೆಚ್ಚಗಿದ್ದರೆ ಕುಡಿಸಬೇಕು. ಎರಡು ಗಂಟೆಯೊಳಗೆ ಬಳಸದ ಹಾಲನ್ನೂ ಕೂಸು ಕುಡಿದು ಮಿಗಿಸಿದ ಹಾಲನ್ನೂ ಚೆಲ್ಲಬೇಕು. ಕುಡಿಸಲು ಸೀಸೆಗಿಂತ ಒಳಲೆಯೂ ಚಿಕ್ಕ ಬಟ್ಟಲೂ ಮೇಲು. ಸೀಸೆಯ ಮೂಲೆಯಲ್ಲಿಯೂ ರಬ್ಬರಿನ ತೊಟ್ಟಿನಲ್ಲಿಯೂ ಹಾಲಿನ ಕಣ ಉಳಿದು ಹುಳಿಯುತ್ತದೆ. ಒಳಲೆಯನ್ನು ಉಜ್ಜಿ ತೊಳೆದು ಕುದಿಸುವುದು ಸುಲಭ.

ಮೊದಲ ವಾರ ಕಳೆದ ಮೇಲೆ ಡಬ್ಬಿಹಾಲನ್ನೇ ನೆಚ್ಚಿದ ಕೂಸಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಬೇಕು. 3 ಕಿಲೋ ಕೂಸಿಗೆ ಇಡೀ ದಿನಕ್ಕೆ 450. ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ 55ರಿಂದ 60. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಕೂಸು ಬಾಯಿ ತಿರುಗಿಸಿದ ಮೇಲೆ ಬಲವಂತ ಮಾಡಬಾರದು.

ಮೊದಲ ಹಾಲು, ಮರಳುವ ಹಾಲು

ಆ ಮನೆಯಲ್ಲಿ ನಿಜವಾದ ತಪ್ಪು ನಡೆದದ್ದು ಮೂರನೆಯ ದಿನ. ಹೆರಿಗೆಯಾದ ಮೊದಲೆರಡು ದಿನ ಬರುವ ಹಳದಿಹಾಲು ಚಮಚದಷ್ಟೇ ಇದ್ದರೂ, ಆಗಿನ ಕೂಸಿನ ಹೊಟ್ಟೆಗೆ ಅದೇ ಅಳತೆ. ಹಾಲು ತುಂಬಿ ಬರುವುದು ಮೂರು ನಾಲ್ಕನೆಯ ದಿನಕ್ಕೆ. ಆಗಲೇ ಡಬ್ಬಿ ಒಳಗೆ ಬಂದರೆ ಕೂಸು ಎದೆಯನ್ನು ಚೀಪುವುದು ತಗ್ಗುತ್ತದೆ. ಚೀಪುವುದು ತಗ್ಗಿದಷ್ಟೂ ಹಾಲು ತಗ್ಗುತ್ತದೆ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಭಾರತದ ಸಂಸತ್ತು 1992ರಲ್ಲಿ ಮಾಡಿ 2003ರಲ್ಲಿ ಬಿಗಿಗೊಳಿಸಿದ ಕಾಯಿದೆ ಡಬ್ಬಿಹಾಲಿನ ಜಾಹೀರಾತನ್ನೂ ಉಚಿತ ಮಾದರಿಗಳನ್ನೂ ನಿಷೇಧಿಸಿದೆ. ಡಬ್ಬಿಯ ಮೇಲೆ ಮುದ್ದುಮಗುವಿನ ಚಿತ್ರ ಇರಕೂಡದು. ತಾಯಿಯ ಹಾಲೇ ಶ್ರೇಷ್ಠವೆಂಬ ಸೂಚನೆ ಇರಲೇಬೇಕು.

ಹೀಗೆಂದ ಮಾತ್ರಕ್ಕೆ ಡಬ್ಬಿಹಾಲು ಕೊಡಬೇಕಾಗಿ ಬಂದ ತಾಯಿ ಅಪರಾಧಿಯಲ್ಲ. ತಾಯಿಯ ಕಠಿಣ ಕಾಯಿಲೆ, ಕೆಲವು ಔಷಧಗಳು, ತಾಯಿಯಿಲ್ಲದ ಕೂಸು—ಇಂಥ ಸಂದರ್ಭಗಳಲ್ಲಿ ಡಬ್ಬಿಯ ಹಾಲು ಜೀವ ಉಳಿಸುತ್ತದೆ. ತಿಂಗಳಿಗೆ ಮುನ್ನ ಹುಟ್ಟಿದ ದುರ್ಬಲ ಶಿಶುಗಳಿಗೆ ಆಸ್ಪತ್ರೆಗಳ ಎದೆಹಾಲಿನ ಬ್ಯಾಂಕುಗಳೂ ನೆರವಾಗುತ್ತವೆ. ಏಷ್ಯದಲ್ಲಿ ಮೊದಲನೆಯದು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು.

ಕೆಲವು ಚಿಹ್ನೆಗಳನ್ನು ಕಂಡಾಗ ಮಾತ್ರ ಡಬ್ಬಿಯ ಚರ್ಚೆಯನ್ನು ಬದಿಗಿಟ್ಟು ಕೂಡಲೆ ಆಸ್ಪತ್ರೆಗೆ ಧಾವಿಸಬೇಕು: ಹಸುರು ಬಣ್ಣದ ವಾಂತಿ, ಕುಡಿದ ಹಾಲೆಲ್ಲ ದೂರಕ್ಕೆ ಚಿಮ್ಮುವಂಥ ವಾಂತಿ, ಮಲದಲ್ಲಿ ರಕ್ತ, ಸುಣ್ಣದಂತೆ ಬಿಳಿಚಿದ ಮಲ, ಹೊಟ್ಟೆ ಬಿಗಿದು ಉಬ್ಬುವುದು, ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ಹಾಲು ಒಲ್ಲದೆ ಮಂಕಾಗಿ ಮಲಗುವುದು, ಐದಾರು ದಿನ ಕಳೆದ ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡದಿರುವುದು.

ಆ ಕೂಸಿಗೆ ವೈದ್ಯೆ ಹೊಸ ಡಬ್ಬಿಯನ್ನು ಬರೆದುಕೊಡಲಿಲ್ಲ. ಮೊದಲು ತಂದಿದ್ದ ಸಾಮಾನ್ಯ ಪುಡಿಯನ್ನೇ ಹೊಸದಾಗಿ ತಂದು, ಸರಿಯಾದ ಅಳತೆಯಲ್ಲಿ ಕೊಡಿರೆಂದಳು. ಪ್ರತಿ ಸಲವೂ ಮೊದಲು ಎದೆಗೆ ಹಾಕಿ, ಅನಂತರವೇ ಒಳಲೆ ಹಿಡಿಯಿರೆಂದಳು. ವಾರ ಕಳೆದು ತೂಗಿದಾಗ ಕೂಸು 250 ಗ್ರಾಂ ಏರಿತ್ತು. ದಿನಕ್ಕೆ ಎಂಟು ಹತ್ತು ಸಲ ಚೀಪುತ್ತಿದ್ದುದರಿಂದ ಬತ್ತಿತೆಂದುಕೊಂಡಿದ್ದ ಹಾಲು ಮೆಲ್ಲಮೆಲ್ಲನೆ ಮರಳುತ್ತಿತ್ತು; ಡಬ್ಬಿಯ ಹಾಲು ಅಷ್ಟಷ್ಟೇ ಇಳಿಯುತ್ತಿತ್ತು.

ಆ ರಾತ್ರಿ ಒಂದು ಗಂಟೆಗೆ ಕೋಣೆಯಲ್ಲಿ ದೀಪವಿರಲಿಲ್ಲ. ಅಜ್ಜಿ ಮಾತ್ರ ಎಚ್ಚರಗೊಂಡು, ಸದ್ದಿಲ್ಲವಲ್ಲ ಎಂದು ಗಾಬರಿಯಾಗಿ, ತೊಟ್ಟಿಲ ಬಳಿಗೆ ಬಂದು ಬಗ್ಗಿ ನೋಡಿದಳು. ಕೂಸು ಮುಷ್ಟಿ ಬಿಚ್ಚಿ ಮಲಗಿತ್ತು.